ಬೇಲನ ಬೈಗುಳಕ್ಕೆ ಕನ್ನಡ ಸಿಕ್ಕಿದ ಬಗೆ

ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಧರ್ಮದ್ರೋಹದ ಆರೋಪ ಹೊರಿಸಿ ಸುಟ್ಟ ಪ್ರಾಟೆಸ್ಟಂಟ್ ಹೆಣ್ಣುಮಗಳು ಆನ್ ಆಸ್ಕ್ಯೂ. ಅವಳೇ ಹೇಳಿದ ವಿಚಾರಣೆಯ ಕಥನವನ್ನು, ಅದರ ನಡುನಡುವೆ ಪ್ರಾಟೆಸ್ಟಂಟ್ ಲೇಖಕ ಜಾನ್ ಬೇಲ್ ಕ್ಯಾಥೊಲಿಕರನ್ನು ಬೈಯುತ್ತ ಬರೆದ ಟೀಕೆಯ (ವ್ಯಾಖ್ಯಾನದ) ಸಮೇತ ಕನ್ನಡಕ್ಕೆ ತರುತ್ತೇನೆ ಎಂದಾಗ, ಅನುವಾದದಲ್ಲಿ ಕೈ ಪಳಗಿದ ಗೆಳೆಯರೆಲ್ಲ ಒಂದೇ ರಾಗ ಹಾಡಿದರು: ‘ಅವಳ ಮಾತು ಸಾಕು, ಅವನ ಬೈಗುಳ ಬೇಡ.’ 1563ರಲ್ಲಿ ಜಾನ್ ಫಾಕ್ಸ್ ತನ್ನ ಹುತಾತ್ಮರ ಮಹಾಗ್ರಂಥಕ್ಕೆ ಅವಳನ್ನು ಸೇರಿಸಿಕೊಂಡಾಗ ಮಾಡಿದ್ದೂ ಅದನ್ನೇ. ಅವಳ ಮಾತನ್ನು ಉಳಿಸಿಕೊಂಡು ಬೇಲನ ಟೀಕೆಯನ್ನು ಕೈಬಿಟ್ಟ. ನಾನು ಬಿಡಲಿಲ್ಲ. ಆರು ವರ್ಷ, ಮೂರು ಕರಡು, ಹತ್ತಿರ ಹತ್ತಿರ ಒಂದು ಲಕ್ಷ ರೂಪಾಯಿ ಹೋಯಿತು. ಈಗ ಕಥನದ ಎರಡು ಭಾಗಗಳಲ್ಲಿ ಮೊದಲನೆಯದು, ಮೊದಲ ವಿಚಾರಣೆ, ಪುಸ್ತಕವಾಗಿದೆ. ಗಟ್ಟಿಯಾಗಿ ಓದಿದರೆ ಜನ ಕುಳಿತು ಕೇಳುತ್ತಾರೆ.

ಬೇಲನನ್ನು ಬಿಟ್ಟರೆ ಆ ಪುಸ್ತಕದ ಜೀವವೇ ಹೋಗುತ್ತದೆ ಎಂಬುದು ನನ್ನ ಹಟವಾಗಿತ್ತು. ಆಸ್ಕ್ಯೂಳನ್ನು 1546ರ ಜುಲೈ 16ರಂದು ಲಂಡನ್ನಿನ ಸ್ಮಿತ್‌ಫೀಲ್ಡಿನಲ್ಲಿ ಸುಟ್ಟರು. ಲಂಡನ್ ಟವರ್ ಎಂಬ ಕೋಟೆಯ ಸೆರೆಮನೆಯಲ್ಲಿ ಕೈಕಾಲು ಸೆಳೆಯುವ ಯಂತ್ರಕ್ಕೆ ಕಟ್ಟಿ ಹಿಂಸಿಸಿದ್ದರಿಂದ ನಡೆಯಲಾಗದೆ, ಅವಳನ್ನು ಕುರ್ಚಿಯಲ್ಲಿ ಹೊತ್ತು ತರಬೇಕಾಯಿತು. ಸುಡಿಸಿದವರು ಪೋಪನ ಅಧಿಕಾರಿಗಳಲ್ಲ, 1534ರಲ್ಲೇ ರೋಮಿನೊಂದಿಗೆ ಸಂಬಂಧ ಕಡಿದುಕೊಂಡಿದ್ದರೂ ಹಳೆಯ ಕ್ಯಾಥೊಲಿಕ್ ನಂಬಿಕೆಗಳನ್ನು ಬಿಟ್ಟುಕೊಡದ ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಅಧಿಕಾರಿಗಳು. ಆ ಬೆಂಕಿಯನ್ನು ರೋಮಿನ ಲೆಕ್ಕಕ್ಕೆ ಬರೆದವನು, ಆಗ ದೇಶ ಬಿಟ್ಟು ಜರ್ಮನ್ ನೆಲದಲ್ಲಿದ್ದ ಬೇಲ್. ಅವಳು ಎರಡು ಸಾಲು ಉತ್ತರ ಕೊಟ್ಟರೆ ಇವನು ಒಂದು ಪುಟ ಕೆಂಡ ಕಾರುತ್ತಾನೆ. ಬೇಲನ ಪುಸ್ತಕದ ಮುಖಪುಟದ ಮರದಚ್ಚಿನ ಚಿತ್ರವನ್ನೇ ನೋಡಿ: ಅವಳ ಕೈಯಲ್ಲಿ ಬೈಬಲ್ ಮತ್ತು ಹುತಾತ್ಮರ ಗುರುತಾದ ಖರ್ಜೂರದ ಗರಿ, ಕಾಲಡಿಯಲ್ಲಿ ಪೋಪನ ಕಿರೀಟ ತೊಟ್ಟ ಮೃಗ. ಮುಂದಿನ ನೂರೈವತ್ತು ವರ್ಷ ಇಂಗ್ಲೆಂಡಿನಲ್ಲಿ ನಡೆದ ಕ್ಯಾಥೊಲಿಕ್ ವಿರೋಧಿ ಬರವಣಿಗೆಯ ಅಡಿಗಲ್ಲುಗಳಲ್ಲಿ ಇದೂ ಒಂದು. ಆ ಸಿಟ್ಟು ಹೇಗೆ ತಯಾರಾಯಿತು ಎಂಬುದು ಟೀಕೆಯಲ್ಲಿದೆ.

ಮೊದಲ ಕರಡಿಗೆ ವಚನದ ಧಾಟಿ ಹಿಡಿದೆ. ಕೈಯಿಂದ ಕಟ್ಟಿದ ಆಲಯದಲ್ಲಿ ದೇವರು ಇರುವುದಿಲ್ಲವೆಂದು ಅವಳು ಓದಿದಳು ಎಂಬುದೇ ಅವಳ ಮೇಲಿನ ಒಂದು ದೂರು. ಹಾಗಾಗಿ ಕೈ ತಾನಾಗಿ ಅತ್ತ ಹೋಯಿತು. ಓದಿ ತೋರಿಸಿದಾಗ ಕೇಳಿದವರಿಗೆಲ್ಲ ಬಸವಣ್ಣ ಕಂಡರು, ಆಸ್ಕ್ಯೂ ಕಾಣಲಿಲ್ಲ. ನೂರಿಪ್ಪತ್ತು ಪುಟ ಪಕ್ಕಕ್ಕಿಟ್ಟೆ. ಎರಡನೆಯ ಕರಡಿನಲ್ಲಿ ಇಬ್ಬರಿಗೂ ನಮ್ಮ ಪ್ರಾಟೆಸ್ಟಂಟ್ ಸಭೆಗಳ ಕನ್ನಡವನ್ನೇ ಕೊಟ್ಟೆ: ಕರ್ತನ ಭೋಜನ, ಸಭೆ, ಸಭಾಪಾಲಕ. ಆಸ್ಕ್ಯೂ ಚೆನ್ನಾಗಿ ಬಂದಳು, ಬೇಲ್ ಸತ್ತುಬಿದ್ದ. ಬೈಗುಳಕ್ಕಾಗಿ ಕಿಟ್ಟೆಲರ 1894ರ ನಿಘಂಟನ್ನು ಮೊದಲಿನಿಂದ ಕೊನೆಯವರೆಗೆ ಜಾಲಾಡಿದೆ. ಒಳ್ಳೊಳ್ಳೆಯ ಪದಗಳು ಸಿಕ್ಕವು. ಬೇಲನ ಬಾಯಿಗೆ ಹಾಕಿದರೆ ಸಂತೆಯ ಜಗಳದಂತೆ ಕೇಳಿಸಿದವು. ಆ ಕರಡಿಗೆ ಪುಟ ವಿನ್ಯಾಸವನ್ನೂ ಮಾಡಿಸಿಬಿಟ್ಟಿದ್ದೆ. ಆಗ ಮಾಮೂಲಿ ಪುಟಕ್ಕೆ 40 ರೂಪಾಯಿ, ಅಂಚಿನ ಟಿಪ್ಪಣಿ ಇದ್ದರೆ 90ರ ಆಸುಪಾಸು ಇತ್ತು. ಹದಿನೈದು ಸಾವಿರ ನೀರಿಗೆ ಹೋಯಿತು.

ದಾರಿ ಸಿಕ್ಕಿದ್ದು ಸಹೋದ್ಯೋಗಿಯೊಬ್ಬರ ತಾಯಿಯ ಅಂತ್ಯಕ್ರಿಯೆಯಲ್ಲಿ. ಕ್ಯಾಥೊಲಿಕ್ ಇಗರ್ಜಿಯ ಕೊನೆಯ ಬೆಂಚಿನಲ್ಲಿ ಕುಳಿತಿದ್ದೆ. ಬಲಿಪೂಜೆ, ಪರಮಪ್ರಸಾದ, ಪಾಪನಿವೇದನೆ, ಧರ್ಮಸಭೆ ಎಂಬ ಪದಗಳು ಒಂದೊಂದಾಗಿ ಕಿವಿಗೆ ಬೀಳುತ್ತಿದ್ದವು. ಪೋಪರಿಗೆ ಅಲ್ಲಿ ಜಗದ್ಗುರು ಎನ್ನುತ್ತಾರೆ. ಕನ್ನಡದಲ್ಲಿ ಈ ಎರಡು ಪಂಗಡಗಳಿಗೆ ಎರಡು ಪದಕೋಶಗಳಿವೆ, ಪ್ರಾಟೆಸ್ಟಂಟರ ಕರ್ತನ ಭೋಜನವೇ ಕ್ಯಾಥೊಲಿಕರ ಪರಮಪ್ರಸಾದ, ಎಂಬುದು ನಮಗೆಲ್ಲ ಗೊತ್ತಿದ್ದದ್ದೇ. ಆದರೆ ಬೇಲ್ ಹನ್ನೆರಡನೆಯ ವಯಸ್ಸಿಗೇ ನಾರ್ವಿಚ್‌ನ ಕಾರ್ಮೆಲೈಟ್ ಎಂಬ ಕ್ಯಾಥೊಲಿಕ್ ಪಂಗಡದ ಮಠ ಸೇರಿ ಸನ್ಯಾಸಿಯಾಗಿದ್ದವನು! ಅವನು ಹೊರಗೆ ನಿಂತು ಕಲ್ಲೆಸೆಯುವವನಲ್ಲ. ತಾನು ಹಾಡಿದ ಹಾಡನ್ನೇ ಹಿಡಿದು ಬೈಯುವವನು. ಮನೆಗೆ ಬಂದವನೇ ಹಂಚಿಕೆಯನ್ನು ಬದಲಿಸಿದೆ. ಆಸ್ಕ್ಯೂಳಿಗೆ ಪ್ರಾಟೆಸ್ಟಂಟರ ಕನ್ನಡ, ವಿಚಾರಣೆ ಮಾಡುವವರಿಗೆ ಕ್ಯಾಥೊಲಿಕರ ಕನ್ನಡ, ಬೇಲನಿಗೂ ಕ್ಯಾಥೊಲಿಕರ ಕನ್ನಡವೇ, ಆದರೆ ಹಲ್ಲು ಕಚ್ಚಿಕೊಂಡು ಆಡುವ ಕನ್ನಡ. ಬೈಗುಳದ ಪದಗಳಲ್ಲಿ ಮುಕ್ಕಾಲು ಪಾಲು ತೆಗೆದುಹಾಕಿದೆ. ‘ನಿಮ್ಮ ಪರಮಪ್ರಸಾದ’ ಎಂಬಲ್ಲಿ ‘ನಿಮ್ಮ’ ಒಂದೇ ಸಾಕಾಯಿತು.

ಒಂದು ಜಾಗ ತೋರಿಸುತ್ತೇನೆ. ವಿಚಾರಣೆ ಮಾಡುವವರಲ್ಲಿ ಒಬ್ಬನಾದ ಕ್ರಿಸ್ಟಫರ್ ಡೇರ್ ಎಂಬಾತ ಆಸ್ಕ್ಯೂಳನ್ನು ಕೇಳುತ್ತಾನೆ: ಪೀಠದ ಮೇಲೆ ತೂಗುಹಾಕಿದ ಪರಮಪ್ರಸಾದದ ರೊಟ್ಟಿ ಕ್ರಿಸ್ತನ ನಿಜ ಶರೀರವೆಂದು ನಂಬುವುದಿಲ್ಲವೇ? ಅವಳು ಮರುಪ್ರಶ್ನೆ ಹಾಕುತ್ತಾಳೆ: ಕ್ರೈಸ್ತರ ಮೊದಲ ಹುತಾತ್ಮ ಸ್ತೆಫನನನ್ನು ಕಲ್ಲೆಸೆದು ಕೊಂದದ್ದು ಏಕೆ? ಅವನು, ಹೇಳಲಾರೆ ಎನ್ನುತ್ತಾನೆ. ಹಾಗಾದರೆ ನಿಮ್ಮ ಹುರುಳಿಲ್ಲದ ಪ್ರಶ್ನೆಯನ್ನು ನಾನೂ ಬಿಡಿಸಲಾರೆ, ಎನ್ನುತ್ತಾಳೆ. ಮೂಲದಲ್ಲಿ ಅವಳು ಬಳಸುವ ‘ಅಸಾಯ್ಲ್’ ಎಂಬ ಹಳೆಯ ಪದಕ್ಕೆ ಒಗಟು ಬಿಡಿಸು ಎಂಬ ಅರ್ಥವಿದೆ, ಪಾಪದಿಂದ ಬಿಡಿಸು ಎಂಬ ಅರ್ಥವೂ ಇದೆ. ಪಾದ್ರಿಗೆ ಸೇರಿದ ಕೆಲಸವನ್ನು ಅವಳು ತನ್ನ ಕೈಗೆ ತೆಗೆದುಕೊಂಡು, ಮಾಡುವುದಿಲ್ಲ ಎನ್ನುತ್ತಿದ್ದಾಳೆ. ನಮ್ಮ ‘ಬಿಡಿಸು’ ಎರಡನ್ನೂ ಹೊತ್ತುಕೊಳ್ಳುತ್ತದೆ. ಇಂದಿನ ಇಂಗ್ಲಿಷಿಗೂ ಒಂದೇ ಪದದಲ್ಲಿ ಇದು ದಕ್ಕುವುದಿಲ್ಲ, ಕನ್ನಡಕ್ಕೆ ದಕ್ಕಿತು. ಆ ಒಂದು ಪದಕ್ಕೆ ಎರಡು ತಿಂಗಳು ಕೊಟ್ಟಿದ್ದೇನೆ.

ಬೇಲನ ಲ್ಯಾಟಿನ್ ತುಣುಕುಗಳಿಗೆ ಏನು ಮಾಡಿದೆ ಎಂದು ಹಲವರು ಕೇಳಿದ್ದಾರೆ. ಎರಡನೆಯ ವಿಚಾರಣೆ ಹೊರಬರುವವರೆಗೆ ಅದು ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. 1621ರಲ್ಲಿ ಇಂಗ್ಲೆಂಡಿನ ಪ್ರಾಟೆಸ್ಟಂಟ್ ಬೋಧಕ ಸ್ಯಾಮ್ಯುಯೆಲ್ ವಾರ್ಡ್ ಆಮ್ಸ್ಟರ್‌ಡ್ಯಾಮಿನಲ್ಲಿ ಅಚ್ಚು ಹಾಕಿಸಿದ ಚಿತ್ರವೊಂದಿದೆ: ಒಂದು ಬದಿಗೆ 1588ರಲ್ಲಿ ಇಂಗ್ಲೆಂಡಿನ ಮೇಲೆ ಬಂದ ಸ್ಪೇನಿನ ನೌಕಾಪಡೆ, ಇನ್ನೊಂದು ಬದಿಗೆ ಅಲ್ಲಿನ ಪಾರ್ಲಿಮೆಂಟನ್ನು ಸ್ಫೋಟಿಸಲು ಕೆಲವು ಕ್ಯಾಥೊಲಿಕರು ಹೂಡಿದ 1605ರ ಸಿಡಿಮದ್ದಿನ ಸಂಚು, ನಡುವೆ ಸೈತಾನನ ಜೊತೆ ಮಂತ್ರಾಲೋಚನೆಗೆ ಕುಳಿತ ಪೋಪ್. ಸ್ಪೇನಿನ ರಾಯಭಾರಿ ದೂರು ಕೊಟ್ಟು ವಾರ್ಡ್ ಸೆರೆಮನೆ ಕಂಡ. ಇದಕ್ಕೆ ಯಕ್ಷಗಾನದ ಪದ್ಯದ ಮಟ್ಟಿನಲ್ಲಿ ಸಾಲು ಕಟ್ಟಿ ನೋಡಿದೆ. ಚೆಂದವಾಗಿಯೇ ಬಂತು, ಆದರೆ ಚಿತ್ರ ತಾನೇ ಮಾತಾಡುತ್ತಿತ್ತು. ಕೈಬಿಟ್ಟೆ.

ಅಚ್ಚಿಗೆ 300 ಪ್ರತಿ, ಸುಮಾರು 62 ಸಾವಿರ. ಅಂಚಿಗೆ ಜಾಗ ಬಿಟ್ಟದ್ದರಿಂದ ಕಾಗದದ ಖರ್ಚು ಏರಿತು. ಅಂದಾಜಿಗೆ 200 ಪ್ರತಿ ಹೋಗಿವೆ, ಹಾಕಿದ ಹಣದಲ್ಲಿ ಅರ್ಧ ಹಿಂದಕ್ಕೆ ಬಂದಿದೆ.

ಕಳೆದ ಚಳಿಗಾಲದಲ್ಲಿ ನಲವತ್ತು ಜನರ ಮುಂದೆ ಎರಡು ಗಂಟೆ ಓದಿದೆವು, ಆಸ್ಕ್ಯೂಳ ಮಾತು ಒಬ್ಬರಿಗೆ, ಬೇಲನದು ನನಗೆ. ಬೇಲ್ ಯಾರೆಂದು ಬೇಕೆಂದೇ ಹೇಳಿರಲಿಲ್ಲ. ಮುಗಿದ ಮೇಲೆ ನಿವೃತ್ತ ಶಿಕ್ಷಕಿಯೊಬ್ಬರು, ಕ್ಯಾಥೊಲಿಕರು, ಹತ್ತಿರ ಬಂದು ಕೇಳಿದರು: ‘ಈ ಬೈಯುವವನು ಮೊದಲು ನಮ್ಮವನೇ ಆಗಿದ್ದನಲ್ಲವೇ?’ ಅಂದು ರಾತ್ರಿಯೇ ಎರಡನೆಯ ವಿಚಾರಣೆಯ ಮೊದಲ ಪುಟಕ್ಕೆ ಕೈ ಹಚ್ಚಿದೆ.