ಮೊದಲ ಟೂಲ್ ಬಾಕ್ಸ್ ಕೊಳ್ಳುವ ಮುಂಚೆ ಎರಡು ವಾರ ಗೀಟು ಹಾಕಿ

ಅಕ್ಕನ ಮಗ ಐಟಿಐಯಲ್ಲಿ ಎರಡು ವರ್ಷದ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಕೋರ್ಸು ಮುಗಿಸಿ, ದಾವಣಗೆರೆಯ ನನ್ನ ಗ್ಯಾರೇಜಿಗೆ ಬಂದ ದಿನವೇ ಮೊಬೈಲು ಮುಂದೆ ಹಿಡಿದ. "ಮಾವ, 108 ಪೀಸಿನ ಕಿಟ್ಟು, ಆಫರ್‌ನಲ್ಲಿದೆ. ತಗೊಂಬಿಡ್ಲಾ?"

ಬೇಡ ಅಂದೆ. "ಎರಡು ವಾರ ನನ್ನ ಸಾಮಾನಲ್ಲೇ ಕೆಲಸ ಮಾಡು. ಯಾವ ಪಾನಾ ಎತ್ತಿಕೊಂಡರೂ ಆ ಗೋಡೆ ಕ್ಯಾಲೆಂಡರಿನ ಹಿಂದೆ ಅದರ ನಂಬರ್ ಬರೆದು ಒಂದು ಗೀಟು ಹಾಕು. ಆಮೇಲೆ ಅಂಗಡಿಗೆ ಹೋಗೋಣ."

ಎರಡು ವಾರ ಕಳೆಯುವಷ್ಟರಲ್ಲಿ 10ರ ಮುಂದೆ ಗೀಟು ಹಾಕಲು ಜಾಗ ಉಳಿದಿರಲಿಲ್ಲ. ಅದರ ಹಿಂದೆ 12, 14, ಆಮೇಲೆ 17, 8. 11ಕ್ಕೆ ಒಂದು ಗೀಟೂ ಇಲ್ಲ, 18ಕ್ಕೂ ಇಲ್ಲ. ಹೊಸದಾಗಿ ಈ ಕೆಲಸಕ್ಕೆ ಇಳಿದವರಿಗೆ ನಾನು ಮೊದಲು ಹೇಳುವುದು ಇದನ್ನೇ. ನಿಮ್ಮ ಗ್ಯಾರೇಜಿಗೆ ಯಾವ ಗಾಡಿ ಬರುತ್ತದೋ ಅದರ ಬೋಲ್ಟು ನೋಡಿ ಸಾಮಾನು ಕೊಳ್ಳಿ.

ಪಾನಾದ ನಂಬರ್ ಅಂದರೆ ಅದು ಹಿಡಿಯುವ ಬೋಲ್ಟಿನ ತಲೆಯ ಅಗಲ, ಮಿ.ಮೀ. ಲೆಕ್ಕದಲ್ಲಿ. 10 ನಂಬರ್ ಯಾಕೆ ಎಲ್ಲ ಕಡೆ ಬೇಕಾಗುತ್ತದೆ ಗೊತ್ತೇ? 6 ಮಿ.ಮೀ. ದಪ್ಪದ ಬೋಲ್ಟಿಗೆ ಜಪಾನ್ ಅಳತೆಯಲ್ಲೂ ಯುರೋಪ್ ಅಳತೆಯಲ್ಲೂ ಸಾಮಾನ್ಯವಾಗಿ 10ರ ತಲೆಯೇ ಇರುತ್ತದೆ. ದಾರಿ ಬೇರೆಯಾಗುವುದು ಅದರ ಮೇಲೆ. 8 ಮಿ.ಮೀ. ಬೋಲ್ಟಿಗೆ ಜಪಾನ್ ಮೂಲದ ಗಾಡಿಗಳಲ್ಲಿ 12ರ ತಲೆ, ಯುರೋಪ್ ಮೂಲದವುಗಳಲ್ಲಿ 13. 10 ಮಿ.ಮೀ. ಬೋಲ್ಟಿಗೆ ಜಪಾನಿನದರಲ್ಲಿ 14, ಯುರೋಪಿನದರಲ್ಲಿ 16 ಅಥವಾ 17. ಹಾಗಾಗಿ ಹೀರೋ, ಹೋಂಡಾ, ಮಾರುತಿ ಹೆಚ್ಚು ಬರುವ ಕಡೆ 12, 14 ಇಲ್ಲದೆ ಕೈ ಆಡುವುದಿಲ್ಲ. ಸ್ಕೋಡಾ, ಫೋಕ್ಸ್‌ವ್ಯಾಗನ್ ಬಿಚ್ಚುವವರಿಗೆ 13, 16, 18 ಬೇಕು, ಜೊತೆಗೆ ನಕ್ಷತ್ರದ ಮೂತಿಯ ಟಾರ್ಕ್ಸ್ ಬಿಟ್ಟುಗಳೂ ಬೇಕು. ಇದು ಗೊತ್ತಿಲ್ಲದೆ 12ರ ಬೋಲ್ಟಿಗೆ 13 ಹಾಕಿ ತಿರುಗಿಸಿದರೆ ತಲೆ ಉರುಟಾಗಿ ಕೂರುತ್ತದೆ. ಆಮೇಲೆ ಗ್ರಿಪ್ ಪ್ಲೇಯರ್, ಉಳಿ, ಸುತ್ತಿಗೆ. ಅರ್ಧ ದಿನ ಹೋಯಿತು.

ಪಾನಾಗಳಲ್ಲಿ ಒಂದು ತುದಿ ರಿಂಗ್, ಇನ್ನೊಂದು ತುದಿ ಬಾಯಿ ಇರುವ ಕಾಂಬಿನೇಷನ್ ಪಾನಾ ಕೊಳ್ಳಿ. ಬಾಯಿ ಕಡೆ ಬೋಲ್ಟಿನ ಎರಡು ಮಗ್ಗುಲನ್ನಷ್ಟೇ ಹಿಡಿಯುತ್ತದೆ. ರಿಂಗ್ ಸುತ್ತ ಆರೂ ಮೂಲೆ ಹಿಡಿಯುತ್ತದೆ. ಬಿಗಿ ಬಿಡಿಸುವುದು, ಕೊನೆಯ ಬಿಗಿ ಕೊಡುವುದು ಯಾವತ್ತೂ ರಿಂಗಿನಲ್ಲಿ. ಸಡಿಲ ಆದಮೇಲೆ ಓಡಿಸಲು ಬಾಯಿ ಸಾಕು. ಪಾನಾವನ್ನು ನಿಮ್ಮ ಕಡೆಗೆ ಎಳೆಯಿರಿ, ಆಚೆ ತಳ್ಳಬೇಡಿ. ತಳ್ಳುವಾಗ ಜಾರಿದರೆ ಬೆರಳಿನ ಗೆಣ್ಣು ನೇರ ಇಂಜಿನ್ನಿಗೆ ಹೋಗಿ ಹೊಡೆಯುತ್ತದೆ. ಸೆಟ್ ದುಬಾರಿ ಅನ್ನಿಸಿದರೆ 8, 10, 12, 13, 14, 17, 19 ಬಿಡಿ ಬಿಡಿಯಾಗಿ ತಗೊಳ್ಳಿ. 10 ಮಾತ್ರ ಎರಡಿರಲಿ: ಬೋಲ್ಟಿನ ತಲೆಗೊಂದು, ಹಿಂದಿನ ನಟ್ಟಿಗೊಂದು.

ಬೋಲ್ಟಿನ ತಲೆಗೆ ಟೋಪಿಯಂತೆ ಕೂರುವ ಸಾಕೆಟ್ ಕೊಳ್ಳುವಾಗ ಒಳಗೆ ಬಗ್ಗಿ ನೋಡಿ. ಆರು ಮೂಲೆಯದನ್ನೇ ಕೇಳಿ. ಹನ್ನೆರಡು ಮೂಲೆಯದು ಬೇಗ ಕೂರುತ್ತದೆ ನಿಜ, ಆದರೆ ತುಕ್ಕು ತಿಂದ ಹಳೇ ಬೋಲ್ಟಿನ ಮೇಲೆ ಅದು ಮೂಲೆಯನ್ನೇ ಸವೆಸುತ್ತದೆ. ನಾನು ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಹೊಸ ಬೋಲ್ಟು ಇಟ್ಟುಕೊಂಡೇ ಹೋಗುತ್ತೇನೆ. ಸಾಕೆಟ್ಟಿಗೆ ಹಾಕಿ ಎಡಕ್ಕೆ ಬಲಕ್ಕೆ ಅಲ್ಲಾಡಿಸುತ್ತೇನೆ. ಲೊಡಲೊಡ ಅಂದರೆ ವಾಪಸ್ ಇಡುತ್ತೇನೆ. ಕ್ರೋಮ್ ವೆನೇಡಿಯಂ ಅಂತ, ಅಂದರೆ ಗಟ್ಟಿ ಉಕ್ಕಿನ ಹೆಸರು, ಅಚ್ಚೊತ್ತಿದೆಯೋ ನೋಡಿ. ಆದರೆ ಅಚ್ಚನ್ನೊಂದೇ ನಂಬಬೇಡಿ. ನನ್ನಲ್ಲಿ ಹೆಚ್ಚಿನವು ತಪಾರಿಯಾ ಕಂಪನಿಯ ಸಾಮಾನು, ಪರಿಚಯದ ಅಂಗಡಿಯಲ್ಲಿ ಬಿಲ್ ಹಾಕಿಸಿಯೇ ತರುತ್ತೇನೆ. ಬೆಂಗಳೂರಿಗೆ ಹೋದವರು ಎಸ್.ಜೆ.ಪಿ. ರೋಡಿನಲ್ಲಿ ನಾಲ್ಕು ಅಂಗಡಿ ಸುತ್ತಿ ಕೈಯಲ್ಲಿ ಹಿಡಿದು ನೋಡಿ ತನ್ನಿ. ಸಾಕೆಟ್ ಸಿಕ್ಕಿಸಿ ತಿರುಗಿಸಲು ಕಾರಿಗೆ ಅರ್ಧ ಇಂಚು ಚೌಕದ ರ‍್ಯಾಟ್ಚೆಟ್ ಸರಿ. ಬೈಕಿಗೆ ಮೂರು ಎಂಟಾಂಶ ಇಂಚಿನದು ಒಳ್ಳೆಯದು, ಸಣ್ಣ ಬೋಲ್ಟಿನ ಮೇಲೆ ಕೈ ಭಾರ ಬೀಳುವುದಿಲ್ಲ.

ಈ ಕೈ ಭಾರದ ವಿಷಯ ನಾನು ನಷ್ಟ ಮಾಡಿಯೇ ಕಲಿತದ್ದು. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಸ್ಪ್ಲೆಂಡರಿನ ಆಯಿಲ್ ಬದಲಿಸಿ, ಸೋರದಿರಲಿ ಅಂತ ಕೆಳಗಿನ 17ರ ಡ್ರೈನ್ ಬೋಲ್ಟನ್ನು ಉದ್ದನೆಯ ಹ್ಯಾಂಡಲ್ ಹಾಕಿ ಬಿಗಿದೆ. ಬಿಗಿ ಏರುತ್ತಾ ಏರುತ್ತಾ ಇದ್ದಕ್ಕಿದ್ದಂತೆ ಕೈ ಹಗುರಾಯಿತು. ಬಿಚ್ಚಿದರೆ ಬೋಲ್ಟಿನ ಮರೆಗೆ, ಅಂದರೆ ತಿರುಪಿನ ಗೆರೆಗೆ, ಬೆಳ್ಳಿ ತಂತಿಯಂಥ ಸುರುಳಿ ಸುತ್ತಿಕೊಂಡು ಹೊರಬಂತು. ಅದು ಇಂಜಿನ್ ಕೇಸಿನ ಮರೆ. ಬೋಲ್ಟು ಉಕ್ಕು, ಕೇಸು ಅಲ್ಯುಮಿನಿಯಂ, ಸೋಲುವುದು ಅಲ್ಯುಮಿನಿಯಮ್ಮೇ. ಕೇಸಿಗೆ ಹೊಸ ಮರೆ ಹಾಕಿಸಿದ ಖರ್ಚು ನನ್ನ ಉಸ್ತಾದರು ತಮ್ಮ ಜೇಬಿನಿಂದ ಕೊಟ್ಟರು, ನನಗೆ ಒಂದು ಮಾತೂ ಅನ್ನಲಿಲ್ಲ. ಅದಕ್ಕೇ ಬೇಕಾದಷ್ಟೇ ಬಿಗಿ ಅಳೆದು ಕೊಡುವ ಟಾರ್ಕ್ ರೆಂಚ್ ದೊಡ್ಡವರ ಸಾಮಾನು ಅಂತ ಮುಂದೂಡಬೇಡಿ. ಕೊಳ್ಳಲು ಆಗುವ ತನಕ ಗ್ಯಾರೇಜಿನದನ್ನು ಕೇಳಿ ಬಳಸಿ. ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟಕ್ಕೇ ಇಡಿ. ಅದರಿಂದ ಬೋಲ್ಟು ಬಿಚ್ಚಬೇಡಿ. ಕೆಲಸ ಮುಗಿದ ಮೇಲೆ ಅದರ ಅಳತೆಯನ್ನು ಅತಿ ಕಡಿಮೆಗೆ ಇಳಿಸಿ ಇಡಿ, ಒಳಗಿನ ಸ್ಪ್ರಿಂಗ್ ಬಾಳುತ್ತದೆ.

ಸ್ಕ್ರೂಡ್ರೈವರ್ ವಿಷಯದಲ್ಲಿ ಹೊಸಬರು ಬಹಳ ಮೋಸ ಹೋಗುತ್ತಾರೆ. ಜಪಾನ್ ಮೂಲದ ಬೈಕುಗಳಲ್ಲಿ ಕಾಣುವ ಪ್ಲಸ್ ಸ್ಕ್ರೂ, ನಾವು ಸ್ಟಾರ್ ಅನ್ನುತ್ತೇವಲ್ಲ, ಅದು ಎಷ್ಟೋ ಸಲ ಮಾಮೂಲಿ ಫಿಲಿಪ್ಸ್ ಅಲ್ಲ, ಜೆಐಎಸ್ ಅನ್ನುವ ಜಪಾನ್ ಅಳತೆಯದು. ಹಲವು ಸ್ಕ್ರೂಗಳ ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಇರುತ್ತದೆ, ಬೆರಳಿನಿಂದ ಎಣ್ಣೆ ಒರೆಸಿ ನೋಡಿ. ಫಿಲಿಪ್ಸ್ ಮೂತಿ ಅದರಲ್ಲಿ ಪೂರ್ತಿ ಕೂರದೆ ಮೇಲೆದ್ದು ಜಾರುತ್ತದೆ. ಡಿಸ್ಕ್ ಬ್ರೇಕಿನ ಎಣ್ಣೆ ಡಬ್ಬಿಯ ಮುಚ್ಚಳದ ಸ್ಕ್ರೂಗಳು ಹೀಗೇ ಹಾಳಾಗಿ ಬರುತ್ತವೆ. ಜೆಐಎಸ್ ಮೂತಿಯದು ಸಿಕ್ಕರೆ 2 ಮತ್ತು 3 ನಂಬರ್ ಎರಡನ್ನೂ ಇಟ್ಟುಕೊಳ್ಳಿ. ಬಿಗಿ ಸ್ಕ್ರೂಗೆ ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಬೇಕು, ಹೊಡೆದ ಪೆಟ್ಟೇ ತಿರುವಾಗುತ್ತದೆ, ಮೂತಿ ಮೇಲೇಳಲು ಬಿಡುವುದಿಲ್ಲ.

ಕಟಿಂಗ್ ಪ್ಲೇಯರ್, ನೋಸ್ ಪ್ಲೇಯರ್, ಅಲೆನ್ ಕೀ ಸೆಟ್, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಅರ್ಧ ಕೇಜಿ ಸುತ್ತಿಗೆ, ತಲೆಗೆ ಕಟ್ಟುವ ಲೈಟು. ಇವಕ್ಕೆ ಹೆಚ್ಚು ಹೇಳಬೇಕಿಲ್ಲ. ಬಾಯಿಯನ್ನು ಹಿಗ್ಗಿಸಿ ಕುಗ್ಗಿಸುವ ಸ್ಕ್ರೂ ಪಾನಾವನ್ನು ಮಾತ್ರ ಮೊದಲ ವರ್ಷ ಪೆಟ್ಟಿಗೆಯಲ್ಲಿ ಇಡಲೇಬೇಡಿ. ಅದು ಕೈಯಲ್ಲಿದ್ದರೆ ಸರಿಯಾದ ಅಳತೆ ಹುಡುಕುವ ಅಭ್ಯಾಸವೇ ಬರುವುದಿಲ್ಲ.

ಮಲ್ಟಿಮೀಟರ್ ಬೇಕೇಬೇಕು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂದಮೇಲೆ ಸಣ್ಣ ಬೈಕಿಗೂ ಪೆಟ್ರೋಲ್ ಇಂಜೆಕ್ಷನ್, ಸೆನ್ಸರ್ ಬಂದಿವೆ. ಬಲ್ಬಿನ ಟೆಸ್ಟ್ ಲ್ಯಾಂಪ್ ತಗೊಂಡು ಇಸಿಯು, ಅಂದರೆ ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರು, ಅದರ ವೈರು ಮುಟ್ಟಿದರೆ ಅದು ಎಳೆಯುವ ಕರೆಂಟಿಗೆ ಇಸಿಯು ಸುಟ್ಟುಹೋಗಬಹುದು. ನಿಂತ ಗಾಡಿಯಲ್ಲಿ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಇಂಜಿನ್ ಓಡುವಾಗ ಸಾಧಾರಣವಾಗಿ 13.5ರಿಂದ 14.5ರೊಳಗೆ. ಇನ್ನೊಂದು ಪರೀಕ್ಷೆ ಕಲಿಯಿರಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬರಿ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ವೈರೋ ಅದರ ಜೋಡಣೆಯೋ ಕೆಟ್ಟಿದೆ. ಇದನ್ನು ನೋಡದೆ ಬ್ಯಾಟರಿ ಬದಲಿಸಿ, ಮತ್ತೆ ಅದೇ ದೂರು ಹೊತ್ತು ಬಂದ ಗಿರಾಕಿಗಳನ್ನು ನಾನು ಕಂಡಿದ್ದೇನೆ. ಅವರ ದುಡ್ಡು ಸುಮ್ಮನೆ ಹೋಗಿರುತ್ತದೆ.

ಕಾರಿನ ಕೆಲಸವಾದರೆ, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಜಾಕ್ ಸ್ಟ್ಯಾಂಡ್ ಜೋಡಿ ಮೊದಲು, ಮಿಕ್ಕಿದ್ದು ಆಮೇಲೆ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರು ಹೇಳಿದರೂ ನುಗ್ಗಬೇಡಿ, ಮಾಲೀಕರು ಹೇಳಿದರೂ ಸರಿ.

ಹುಡುಗ ಕೊನೆಗೆ 31 ಸಾಮಾನು ಕೊಂಡ. ಅವನ ತಂಗಿ ಒಂದೊಂದಕ್ಕೂ ಹಸಿರು ನೈಲ್ ಪಾಲಿಶಿನ ಪಟ್ಟಿ ಹಚ್ಚಿಕೊಟ್ಟಳು, ಬೇರೆಯವರ ಸಾಮಾನಿನ ಜೊತೆ ಬೆರೆಯದಿರಲಿ ಅಂತ. ಪ್ರತಿ ಗಾಡಿ ಹೊರಗೆ ಹೋಗುವ ಮೊದಲು ಅವನು ಹಸಿರು ಪಟ್ಟಿ ಎಣಿಸುತ್ತಾನೆ. ಹೋದ ತಿಂಗಳು 30ಕ್ಕೆ ನಿಂತಿತು. ಕೀ ಕೊಡದೆ ಗಿರಾಕಿಯನ್ನು ಹತ್ತು ನಿಮಿಷ ಕೂರಿಸಿ ಹುಡುಕಿದ. 12ರ ಪಾನಾ ಆಲ್ಟೋದ ಬ್ಯಾಟರಿ ಪಕ್ಕದಲ್ಲಿ, ಪ್ಲಸ್ ಕಂಬದಿಂದ ನಾಲ್ಕು ಬೆರಳು ದೂರದಲ್ಲಿ ಮಲಗಿತ್ತು.