ಆಯಿಲ್ ಪೇಂಟಲ್ಲಿ ಹೂವು, ಬಯಲು: ಬಣ್ಣ ಮಿಂಚ್ಬೇಕಾದ್ರೆ ಮೊದ್ಲು ಮಂಕು ಮಾಡೋದು ಕಲೀರಿ

ಹೂವು ಗಿಡ ಗುಡ್ಡ ಅಂತ ಬಣ್ಣಬಣ್ಣವಾಗಿ ಬರೀಬೇಕು ಅನ್ನೋರು ಮೊದ್ಲು ಮಾಡೋ ಕೆಲ್ಸ ಇಪ್ಪತ್ನಾಲ್ಕು ಟ್ಯೂಬಿನ ಸೆಟ್ ತರೋದು. ನಾನೂ ಹಂಗೇ ತಂದು, ಒಂದು ದಾಸವಾಳದ ಗಿಡಕ್ಕೆ ಟ್ಯೂಬಿಂದ ನೇರ ಕೆಂಪು, ಎಲೆಗೆ ಟ್ಯೂಬಿಂದ ನೇರ ಹಸಿರು ಬಳಿದು, ಗೋಡೆಗೆ ಒರಗಿಸಿ ಹಿಂದೆ ಸರಿದು ನೋಡಿದ್ರೆ ಥೇಟ್ ಪ್ಲಾಸ್ಟಿಕ್ ಹೂವು. ಎಲ್ಲಾ ಬಣ್ಣಾನೂ ಒಟ್ಟಿಗೆ ಕೂಗ್ತಿದ್ರೆ ಯಾವ್ದೂ ಕೇಳ್ಸಲ್ಲ ಅಂತ ಆಮೇಲೆ ಗೊತ್ತಾಯ್ತು. ಒಂದು ಕೆಂಪು ಉರೀಬೇಕು ಅಂದ್ರೆ ಅದ್ರ ಸುತ್ತ ಇರೋದು ಸ್ವಲ್ಪ ಬೂದು ಬೂದಾಗಿರ್ಬೇಕು.

ಏಳು ಟ್ಯೂಬ್ ಸಾಕು. ಟೈಟೇನಿಯಂ ವೈಟ್, ಕ್ಯಾಡ್ಮಿಯಂ ಯೆಲ್ಲೋ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕ್ಯಾಡ್ಮಿಯಂ ರೆಡ್, ಕ್ವಿನಾಕ್ರಿಡೋನ್ ರೋಸ್ (ಗುಲಾಬಿ), ಅಲ್ಟ್ರಾಮರೀನ್ (ಕಡುನೀಲಿ), ಬರ್ನ್ಟ್ ಸಿಯೆನ್ನ (ಕೆಂಗಂದು). ಕಪ್ಪು ಬೇಡ, ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನ್ನ ಕಲಸಿದ್ರೆ ಅದಕ್ಕಿಂತ ಜೀವ ಇರೋ ಕಡುಬಣ್ಣ ಬರುತ್ತೆ. ಗುಲಾಬಿ ಬಣ್ಣಕ್ಕೆ ಮಾತ್ರ ಕಂಜೂಸ್ತನ ಮಾಡ್ಬೇಡಿ, ಬೆಳಕಿಗೆ ಮಾಸದೇ ಇರೋದೇ ತಗೊಳ್ಳಿ. ವ್ಯಾನ್ ಗಾಗ್ 1890ರಲ್ಲಿ ಬರೆದ ಗುಲಾಬಿಗಳು ಈಗ ಹೆಚ್ಚುಕಮ್ಮಿ ಬಿಳೀ ಹೂವು ಥರ ಕಾಣ್ತವೆ, ಆತ ಹಾಕಿದ್ದು ಗುಲಾಬಿ ಬಣ್ಣಾನೇ, ಅದರಲ್ಲಿದ್ದ ಕೆಂಪು ಬಣ್ಣ ಬೆಳಕಿಗೆ ಮಾಸಿ ಹಾರಿಹೋಗಿದೆ ಅಷ್ಟೆ.

ಇನ್ನು ಹಸಿರು, ಎಲ್ರೂ ಮುಗ್ಗರಿಸೋದು ಇಲ್ಲೇ. ಗಿಡದ ಮುಂದೆ ಕೂತು ಒಂದೇ ಕೊಂಬೆಯ ಎಲೆಗಳನ್ನ ಹತ್ತು ನಿಮಿಷ ಸುಮ್ನೆ ನೋಡಿ. ಆಕಾಶಕ್ಕೆ ಮುಖ ಮಾಡಿರೋ ಎಲೆ ಮೇಲೆ ನೀಲಿ ಮಿಶ್ರಿತ ಬಿಳಿ ಹೊಳಪು ಇರುತ್ತೆ, ಅದನ್ನ ಹಸಿರು ಅನ್ನೋಕೇ ಆಗಲ್ಲ. ಬಿಸಿಲಿಗೆ ಅಡ್ಡ ಇರೋ ಎಲೆಯೊಳಗಿಂದ ಬೆಳಕು ತೂರಿ ಬಂದು ನಿಂಬೆಹಳದಿ ಆಗುತ್ತೆ. ಒಳಗಿನ ನೆರಳಲ್ಲಿರೋದು ಕಂದು ತಿರುಗಿರುತ್ತೆ. ಒಂದು ಕೊಂಬೆಗೇ ಮೂರು ಹಸಿರು! ಅಲ್ಟ್ರಾಮರೀನ್‌ಗೆ ಹಳದಿ ಸೇರಿಸಿ ಹಸಿರು ಮಾಡ್ಕೊಳ್ಳಿ, ಅದಕ್ಕೆ ಬ್ರಷ್ಷಿನ ತುದಿಯಷ್ಟು ಕೆಂಪು ಬೆರೆಸಿ, ಅಬ್ಬರ ಅಲ್ಲೇ ಇಳಿಯುತ್ತೆ.

ಕ್ಯಾನ್ವಾಸ್ ಮೇಲೆ ಶುರು ಮಾಡುವಾಗ ಬರ್ನ್ಟ್ ಸಿಯೆನ್ನಾನ ಟರ್ಪೆಂಟೈನಲ್ಲಿ ನೀರು ನೀರಾಗಿ ಮಾಡಿ ನೆರಳು ಎಲ್ಲೆಲ್ಲಿದೆ ಅನ್ನೋದನ್ನ ಮಾತ್ರ ಬಳೀರಿ. ಕಣ್ಣು ಕಿರಿದು ಮಾಡಿ ನೋಡಿದ್ರೆ ಚಿಲ್ಲರೆ ವಿವರ ಎಲ್ಲಾ ಮಾಯ ಆಗಿ ಕತ್ತಲೆ ಬೆಳಕಿನ ನಾಲ್ಕೈದು ತುಂಡು ಉಳಿಯುತ್ತೆ, ಅದೇ ನಿಮ್ಮ ಚಿತ್ರ. ಬಯಲು ದೃಶ್ಯ ಆದ್ರೆ ಸಾಮಾನ್ಯವಾಗಿ ಆಕಾಶ ಎಲ್ಲಕ್ಕಿಂತ ತಿಳಿ, ಆಮೇಲೆ ಚಪ್ಪಟೆ ನೆಲ, ಆಮೇಲೆ ಇಳಿಜಾರು, ನೆಟ್ಟಗೆ ನಿಂತ ಮರಗಳು ಎಲ್ಲಕ್ಕಿಂತ ಕಡು. ದೂರದ ಗುಡ್ಡಕ್ಕೆ ಹಸಿರು ಹಾಕ್ಬೇಡಿ, ಮಧ್ಯೆ ಇರೋ ಗಾಳಿ ಅದನ್ನ ನೀಲಿ ಮಾಡಿರುತ್ತೆ. ಹೊರಗೆ ಕೂತು ಬರೆಯೋರಿಗೆ ಎರಡು ಗಂಟೆ ಮೀರಿದ್ರೆ ನೆರಳೆಲ್ಲ ಜಾಗ ಬದಲಾಯಿಸಿರುತ್ತೆ, ಅದರ ಹಿಂದೆ ಓಡಿದ್ರೆ ಚಿತ್ರ ಕೆಡುತ್ತೆ. ಫ್ರೆಂಚ್ ಚಿತ್ರಕಾರ ಮೋನೆ ಹುಲ್ಲಿನ ಬಣವೆ ಬರೆಯುವಾಗ ಹಲವು ಕ್ಯಾನ್ವಾಸ್ ಇಟ್ಕೊಂಡು ಬೆಳಕು ಬದಲಾದಂಗೆ ಕ್ಯಾನ್ವಾಸೇ ಬದಲಾಯಿಸ್ತಿದ್ದ. ನಮಗೆ ಅಷ್ಟೆಲ್ಲ ಆಗಲ್ಲ, ನಾಳೆ ಅದೇ ಹೊತ್ತಿಗೆ ಬಂದು ಕೂರೋದು.

ಹೂವಿಗೆ ಬನ್ನಿ. ಎಸಳು ಎಣಿಸ್ಬೇಡಿ. ಗುಲಾಬಿ ಅಂದ್ರೆ ಒಂದು ಬಟ್ಟಲು, ಸೇವಂತಿಗೆ ಅಂದ್ರೆ ಅರ್ಧ ಚೆಂಡು, ಮೊದ್ಲು ಆ ಆಕಾರಕ್ಕೆ ಒಂದು ಕಡೆ ಬೆಳಕು ಒಂದು ಕಡೆ ನೆರಳು ಕೊಡಿ, ಎಸಳು ಅದರ ಮೇಲೆ ಕೂರುತ್ತೆ. ಕೆಂಪು ಹೂವಿನ ನೆರಳಿಗೆ ಕಪ್ಪು ಸೇರಿಸೋ ಬದ್ಲು ರೋಸ್‌ಗೆ ಚೂರು ಅಲ್ಟ್ರಾಮರೀನ್, ಬೆಳಕಿನ ಕಡೆಗೆ ಬಿಳಿ ಬದ್ಲು ಚೂರು ಹಳದಿ, ಯಾಕಂದ್ರೆ ಕೆಂಪಿಗೆ ಬಿಳಿ ಬಿದ್ರೆ ಸೀದಾ ಪಿಂಕ್ ಆಗ್ಬಿಡುತ್ತೆ. ಒಂದು ಎಸಳಿಗೆ ಒಂದೋ ಎರಡೋ ಏಟು, ಬ್ರಷ್ ಒರೆಸಿ, ಮುಂದಿನ ಎಸಳು. ತಿದ್ದೋಕೆ ಹೋದ್ರೆ ಅಡಿಯ ಹಸಿ ಬಣ್ಣ ಎದ್ದು ಬಂದು ಎಲ್ಲಾ ಕೆಸರಾಗುತ್ತೆ. ಅಂಚೂ ಅಷ್ಟೆ, ನೆರಳಿನ ಕಡೆಯದು ಹಿನ್ನೆಲೆಯಲ್ಲಿ ಕರಗಿಹೋಗ್ಲಿ, ಬೆಳಕಿನ ಕಡೆ ಒಂದೆರಡು ಜಾಗದಲ್ಲಿ ಮಾತ್ರ ಚೂಪಾಗಿರ್ಲಿ.

ಅಡಿಯ ಪದರ ತೆಳು, ಎಣ್ಣೆ ಕಮ್ಮಿ, ಮೇಲ್ಮೇಲಕ್ಕೆ ಹೋದಂಗೆ ಎಣ್ಣೆ ಜಾಸ್ತಿ. ಆಯಿಲ್ ಪೇಂಟ್ ನೀರಿನ ಬಣ್ಣದ ಥರ ಆವಿಯಾಗಿ ಒಣಗೋದಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗೋದು, ಅಡಿಯಲ್ಲಿ ಎಣ್ಣೆ ತುಂಬಿದ್ದು ಮೇಲಿನ ಪದರ ಮೊದ್ಲು ಗಟ್ಟಿಯಾದ್ರೆ ಬಿರುಕು ಬಿಡುತ್ತೆ. ವಾರ್ನಿಶ್‌ಗೂ ಅದಕ್ಕೇ ಆರು ತಿಂಗಳಿಂದ ಒಂದು ವರ್ಷ ಕಾಯ್ತಾರೆ.

ಆಮೇಲೆ ಆ ಬ್ರಷ್ ಒರೆಸೋ ಬಟ್ಟೆ. ಬಣ್ಣದಲ್ಲಿರೋ ಅಗಸೆ ಎಣ್ಣೆ ಹೀರಿದ ಬಟ್ಟೆನ ಮುದ್ದೆ ಮಾಡಿ ಮೂಲೆಗೆ ಎಸೆದ್ರೆ, ಅದು ಒಣಗುವಾಗ ಹುಟ್ಟೋ ಶಾಖ ಒಳಗೇ ಸಿಕ್ಕಿ ತಾನಾಗೇ ಬೆಂಕಿ ಹತ್ಕೊಳ್ಳಬಹುದು. ನಾನು ಬಿಡಿಸಿ, ಹೊರಗೆ ಹಗ್ಗದ ಮೇಲೆ ಒಂದೊಂದಾಗಿ ಹರವಿ ಒಣಗಿಸ್ತೀನಿ, ಇಲ್ಲಾಂದ್ರೆ ನೀರು ತುಂಬಿದ ಮುಚ್ಚಳ ಇರೋ ತಗಡಿನ ಡಬ್ಬದಲ್ಲಿ ಮುಳುಗಿಸಿ ಇಡ್ತೀನಿ.