ಹನ್ನೆರಡನೇ ತಿಂಗಳು ಡಿಸೆಂಬರ್ ಅಲ್ಲ

ನನ್ನ ತವರು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದರೆ ಹಳೆಯ ಪುಸ್ತಕ ಬಿಚ್ಚಿ ನಮ್ಮ ಮನೆತನದ ಹೆಸರುಗಳನ್ನು ಓದುತ್ತಿದ್ದರು, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರೆದುಕೊಂಡು, ಕಾಳುಕಡಿ ಪಡೆದು ಮುಂದಿನ ಮನೆಗೆ ಹೋಗುತ್ತಿದ್ದರು. ಮದುವೆಯಾಗಿ ಅಮೆರಿಕದ ಮ್ಯಾಸಚೂಸೆಟ್ಸ್‌ಗೆ ಬಂದ ಮೇಲೆ ಆ ಹೆಳವರ ಕೆಲಸ ನನ್ನ ಪಾಲಿಗೇ ಬಂತು.

ನನ್ನ ಅತ್ತೆ ಇಲ್ಲಿಯವರು. ಅವರ ತಾಯಿಯ ಕಡೆಯ ಹಿರಿಯರು 1630ರ ದಶಕದಲ್ಲಿ ಇಂಗ್ಲೆಂಡಿನಿಂದ ಬಂದ ಪ್ಯೂರಿಟನ್ನರು, ಅಂದರೆ ಅಲ್ಲಿನ ಚರ್ಚನ್ನು ಶುದ್ಧಗೊಳಿಸಬೇಕೆಂದ ಕಟ್ಟುನಿಟ್ಟಿನ ಪ್ರೊಟೆಸ್ಟಂಟ್ ಕ್ರೈಸ್ತರು. ಅತ್ತೆಯವರಿಗೆ ಈಗ ಕಣ್ಣು ಮಂಜು. ಒಂದು ಸಂಜೆ ಊರಿನ ಹಳೆಯ ದಾಖಲೆಗಳ ಪ್ರತಿಗಳನ್ನು ನನ್ನ ಮುಂದಿಟ್ಟು, ಓದಿ ಹೇಳು ಎಂದರು. ಮೊಮ್ಮಕ್ಕಳಿಗೆ ಎರಡೂ ಕಡೆಯ ಬೇರು ಗೊತ್ತಿರಬೇಕು ಎಂಬುದು ಅವರ ಆಸೆ.

ನಾನು ಮೊದಲು ಕಲಿತದ್ದು, ಎರಡು ಪುಸ್ತಕಗಳನ್ನು ಜೊತೆಗಿಟ್ಟುಕೊಂಡು ಓದಬೇಕು ಎಂಬುದನ್ನು. ಒಂದು ಊರಿನ ಗುಮಾಸ್ತರ ಪುಸ್ತಕ, ಇನ್ನೊಂದು ಚರ್ಚಿನದು. ಪ್ಯೂರಿಟನ್ನರಿಗೆ ಮದುವೆ ಸಂಸ್ಕಾರವಲ್ಲ, ನಾಗರಿಕ ಒಪ್ಪಂದ. ಆ ಕಾಲದಲ್ಲಿ ಅದನ್ನು ಮಾಡಿಸುತ್ತಿದ್ದವರು ಪಾದ್ರಿಗಳಲ್ಲ, ಮ್ಯಾಜಿಸ್ಟ್ರೇಟರು. ಹೀಗಾಗಿ ಮದುವೆಯನ್ನು ಚರ್ಚಿನ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ಹುಟ್ಟು, ಮದುವೆ, ಸಾವುಗಳನ್ನು ಊರಿನವರು ಬರೆದಿಡಬೇಕೆಂದು 1639ರಲ್ಲೇ ಇಲ್ಲಿ ಕಾನೂನಾಗಿತ್ತು, ಆದರೂ ಬಿಟ್ಟುಹೋದ ಹೆಸರುಗಳು ಬಹಳ. ಹಾಗೆ ಬಿಟ್ಟುಹೋದ ಮಗುವನ್ನು ಎಷ್ಟೋ ಸಲ ಚರ್ಚಿನ ದೀಕ್ಷಾಸ್ನಾನದ (ನೀರು ಹಾಕಿ ಕ್ರೈಸ್ತರಾಗಿ ಸೇರಿಸಿಕೊಳ್ಳುವ ವಿಧಿ) ಪಟ್ಟಿ ಉಳಿಸಿಕೊಟ್ಟಿರುತ್ತದೆ.

ನಾನು ಎಡವಿದ್ದು ಇಲ್ಲೇ. ಅತ್ತೆಯವರ ಹಿರಿಯ ದಂಪತಿಯ ಮದುವೆ ಊರಿನ ಪುಸ್ತಕದಲ್ಲಿ ಸಿಕ್ಕಿತು: 1654, ಮೂರನೇ ತಿಂಗಳು, ಐದನೇ ದಿನ. ಚರ್ಚಿನ ಪುಸ್ತಕದಲ್ಲಿ ಅವರ ಮೊದಲ ಮಗಳ ದೀಕ್ಷಾಸ್ನಾನ: 1654, ಹನ್ನೆರಡನೇ ತಿಂಗಳು, 11ನೇ ದಿನ. ಮೂರನೆಯದು ಮೇ ತಿಂಗಳು ಎಂದು ಯಾರೋ ಪೆನ್ಸಿಲ್ಲಿನಲ್ಲಿ ಗುರುತು ಮಾಡಿದ್ದರು. ಹನ್ನೆರಡನೆಯದನ್ನು ಮಾತ್ರ ನಾನು ಡಿಸೆಂಬರ್ ಎಂದುಕೊಂಡೆ. ಮೇಯಿಂದ ಡಿಸೆಂಬರ್‌ಗೆ ಏಳು ತಿಂಗಳು. ಮದುವೆಗೆ ಮುಂಚೆ ಬಸುರಾದವರು ಆಗ ಚರ್ಚಿನ ಸಭೆಯ ಎದುರು ಎದ್ದು ನಿಂತು ತಪ್ಪೊಪ್ಪಿಕೊಳ್ಳಬೇಕಿತ್ತು, ನ್ಯಾಯಾಲಯ ದಂಡ ಹಾಕುವುದೂ ಇತ್ತು. ಇದನ್ನು ಅತ್ತೆಯವರಿಗೆ ಹೇಳಿಬಿಟ್ಟೆ. ಅವರು ಏನೂ ಅನ್ನಲಿಲ್ಲ. ಹೆಣೆಯುತ್ತಿದ್ದ ಉಣ್ಣೆಯನ್ನು ಮಡಿಲಲ್ಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು.

ರಾತ್ರಿ ನಿದ್ದೆ ಬರಲಿಲ್ಲ. ತಪ್ಪೊಪ್ಪಿಗೆ ಎಲ್ಲಾದರೂ ಇದೆಯೇ ಎಂದು ಮತ್ತೆ ಪುಟ ತಿರುವಿದೆ. ಇರಲಿಲ್ಲ. ಆಗ ತಿಂಗಳುಗಳ ಲೆಕ್ಕ ಹೊಳೆಯಿತು. ಇಂಗ್ಲೆಂಡಿಗೂ ಅದರ ವಸಾಹತುಗಳಿಗೂ ಆಗ ಹೊಸ ವರ್ಷ ಹುಟ್ಟುತ್ತಿದ್ದುದು ಮಾರ್ಚ್ 25ಕ್ಕೆ. ನಮ್ಮ ಯುಗಾದಿಯ ಆಸುಪಾಸು. ತಿಂಗಳುಗಳ ಹೆಸರಿನಲ್ಲಿ ಅನ್ಯದೇವತೆಗಳಿವೆ ಎಂದು ಪ್ಯೂರಿಟನ್ನರು ಬರೀ ಅಂಕಿ ಬರೆಯುತ್ತಿದ್ದರು. ಮಾರ್ಚ್ ಮೊದಲನೆಯದಾದರೆ ಮೇ ಮೂರನೆಯದು, ಫೆಬ್ರವರಿ ಹನ್ನೆರಡನೆಯದು. ಅವರ 1654ರ ಆ ಫೆಬ್ರವರಿ ನಮ್ಮ ಲೆಕ್ಕಕ್ಕೆ 1655.

ಇದನ್ನು ಖಚಿತ ಮಾಡಿಕೊಳ್ಳಲು ಇನ್ನೊಂದು ದಾರಿ ಇತ್ತು, ಇಂದಿಗೂ ನಾನು ಪ್ರತಿ ಸಾಲಿಗೂ ಅದನ್ನೇ ಮಾಡುತ್ತೇನೆ. ದೀಕ್ಷಾಸ್ನಾನವಾಗುತ್ತಿದ್ದುದು ಸಾಮಾನ್ಯವಾಗಿ ಭಾನುವಾರದ ಆರಾಧನೆಯಲ್ಲಿ. ಇಂಗ್ಲಿಷರು ಆಗ ಬಳಸುತ್ತಿದ್ದ ಹಳೆಯ ಜೂಲಿಯನ್ ಪಂಚಾಂಗ ಹಿಡಿದು ವಾರ ಎಣಿಸಿದೆ. 1654ರ ಡಿಸೆಂಬರ್ 11 ಸೋಮವಾರ. 1655ರ ಫೆಬ್ರವರಿ 11 ಭಾನುವಾರ. ಮದುವೆಯಾಗಿ ಒಂಬತ್ತು ತಿಂಗಳು ಆರು ದಿನ! ಬೆಳಗ್ಗೆ ಕಾಫಿಗೂ ಮೊದಲು ಅತ್ತೆಯವರ ಕೋಣೆಗೆ ಹೋಗಿ ಹೇಳಿದೆ. ಮುನ್ನೂರ ಎಪ್ಪತ್ತು ವರ್ಷದ ಹಿಂದಿನ ಹೆಣ್ಣುಮಗಳ ಮೇಲೆ ನಾನು ಹೊರಿಸಿದ್ದ ಅಪವಾದ ಅದು. ಕ್ಷಮಿಸಿ ಎಂದು ಅವರ ಕೈ ಹಿಡಿದುಕೊಂಡೆ.

ಆಮೇಲೆ ಚರ್ಚಿನ ನಿಯಮ ತಿಳಿಯದೆ ಒಂದು ಸಾಲನ್ನೂ ಒಪ್ಪಿಕೊಳ್ಳುವುದನ್ನು ಬಿಟ್ಟೆ. ಅದು ಮುಂದಿನ ತಲೆಮಾರಿಗೇ ನೆರವಾಯಿತು. ಆ ಮಗಳು ದೊಡ್ಡವಳಾಗಿ ಮದುವೆಯಾದಳು. ಅವಳ ನಾಲ್ಕು ಮಕ್ಕಳಿಗೆ ಒಂದೇ ದಿನ ದೀಕ್ಷಾಸ್ನಾನ! ನಾಲ್ಕೂ ಅವಳಿಜವಳಿ ಎಂದು ಹಿಂದೆ ಯಾರೋ ವಂಶವೃಕ್ಷದಲ್ಲಿ ಬರೆದಿಟ್ಟಿದ್ದರು. ಆದರೆ ಆಗ ಇಲ್ಲಿ ಹುಟ್ಟಿದವರೆಲ್ಲ ಚರ್ಚಿನ ಸದಸ್ಯರಾಗುತ್ತಿರಲಿಲ್ಲ. ದೇವರ ಕೃಪೆ ತನ್ನೊಳಗೆ ಹೇಗೆ ಕೆಲಸ ಮಾಡಿತೆಂದು ಸಭೆಗೆ ಮನವರಿಕೆಯಾಗುವಂತೆ ಹೇಳಿದವರಿಗೆ ಮಾತ್ರ ಪೂರ್ಣ ಸದಸ್ಯತ್ವ, ಅವರ ಮಕ್ಕಳಿಗೆ ಮಾತ್ರ ದೀಕ್ಷಾಸ್ನಾನ. ಎರಡನೆಯ ತಲೆಮಾರಿನ ಎಷ್ಟೋ ಮಂದಿಗೆ ಹಾಗೆ ಹೇಳಲು ಧೈರ್ಯ ಬರಲಿಲ್ಲ. ಅವರ ಮಕ್ಕಳ ಗತಿ ಏನು ಎಂಬ ಪ್ರಶ್ನೆ ಎದ್ದು, 1662ರಲ್ಲಿ ಬಾಸ್ಟನ್ನಿನಲ್ಲಿ ಸೇರಿದ ಪಾದ್ರಿಗಳ ಮತ್ತು ಸಭಾ ಪ್ರತಿನಿಧಿಗಳ ಸಮ್ಮೇಳನ ನಡುದಾರಿಯೊಂದನ್ನು ಒಪ್ಪಿತು: ಚಿಕ್ಕಂದಿನಲ್ಲಿ ದೀಕ್ಷಾಸ್ನಾನವಾದವರು ನೇರ ನಡತೆಯವರಾಗಿದ್ದು, ಸಭೆಯ ಒಡಂಬಡಿಕೆಯನ್ನು (ದೇವರಿಗೂ ಸಭೆಗೂ ಬದ್ಧರಾಗಿರುತ್ತೇವೆಂಬ ಮಾತು) ಬಾಯಿಬಿಟ್ಟು ಒಪ್ಪಿಕೊಂಡರೆ ಅವರ ಮಕ್ಕಳಿಗೂ ದೀಕ್ಷಾಸ್ನಾನ ಕೊಡಬಹುದು. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಮಾತ್ರ ಅವರು ಹತ್ತಿರ ಬರುವಂತಿಲ್ಲ. ಇದನ್ನು ಎಲ್ಲ ಚರ್ಚುಗಳೂ ಕೂಡಲೇ ಒಪ್ಪಲಿಲ್ಲ, ವರ್ಷಗಟ್ಟಲೆ ಜಗಳ ನಡೆಯಿತು.

ನಾಲ್ಕು ಮಕ್ಕಳ ಸಾಲಿನಿಂದ ಎರಡು ಪುಟ ಹಿಂದೆ ಹೋದೆ. ಅವಳ ಹೆಸರು ಅಲ್ಲಿತ್ತು, ಒಡಂಬಡಿಕೆ ಒಪ್ಪಿದವರ ಪಟ್ಟಿಯಲ್ಲಿ, ಮಕ್ಕಳ ದೀಕ್ಷಾಸ್ನಾನಕ್ಕೆ ಹದಿನೈದು ದಿನ ಮುಂಚೆ. ಮಕ್ಕಳು ಅವಳಿಜವಳಿಯಲ್ಲ, ತಾಯಿ ಒಪ್ಪುವವರೆಗೆ ಕಾದವರು. ಗಂಡನ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಊರಿನ ಪುಸ್ತಕದಲ್ಲಿ ಅವಳು ಎಲ್ಲೆಡೆಯೂ ಇಂಥವನ ಹೆಂಡತಿ, ಅಷ್ಟೇ. ಇಲ್ಲಿ ಒಬ್ಬಳೇ ಎದ್ದು ನಿಂತಿದ್ದಾಳೆ, ನಾಲ್ಕು ಮಕ್ಕಳಿಗಾಗಿ.

ಆ ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆದು ಅತ್ತೆಯವರಿಗೆ ಕೊಟ್ಟೆ. ಭೂತಗನ್ನಡಿ ಹಿಡಿದು ಅವರು ತಾವೇ ಓದಿದರು. ಕೆಳಗೆ ಮೊಮ್ಮಕ್ಕಳ ಹೆಸರು ಸೇರಿಸು ಎಂದರು. ಇಬ್ಬರದನ್ನೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದೆ.